ತಾಮ್ರ, ಮಳೆ, ಸಾಲ: ಜಾಂಬಿಯಾದ ನಾಳೆಯನ್ನು ಓದುವುದು ಹೇಗೆ?

ಕಟ್ಟಬೇಕಿದ್ದ ಬಡ್ಡಿ 4.25 ಕೋಟಿ ಡಾಲರ್. ಹೆಚ್ಚುವರಿ ಗಡುವು 2020ರ ನವೆಂಬರ್ 13ಕ್ಕೆ ಮುಗಿಯಿತು. ಜಾಂಬಿಯಾದ ಖಜಾನೆಯಿಂದ ಹಣ ಹೋಗಲಿಲ್ಲ. ಕೊರೊನಾ ಕಾಲದಲ್ಲಿ ವಿದೇಶಿ ಸಾಲ ತೀರಿಸಲಾಗದೆ ಸುಸ್ತಿಯಾದ ಮೊದಲ ಆಫ್ರಿಕನ್ ದೇಶ ಎಂಬ ಹೆಸರು ಅಂದು ಅದಕ್ಕೆ ಅಂಟಿಕೊಂಡಿತು. ಐದು ವರ್ಷ ಕಳೆಯುವಷ್ಟರಲ್ಲಿ ಅದೇ ದೇಶದ ನಾಣ್ಯ ಕ್ವಾಚಾ ಡಾಲರಿನೆದುರು ಗಟ್ಟಿಯಾಯಿತು. ಗಣಿ ಕಂಪನಿಗಳು ನೂರಾರು ಕೋಟಿ ಡಾಲರ್ ಹೂಡಲು ಮುಂದಾದವು. ಅಲ್ಲಿನ ತಾಮ್ರವನ್ನು ಸಮುದ್ರಕ್ಕೆ ಸಾಗಿಸುವ ರೈಲು ಹಾದಿಗಾಗಿ ಅಮೆರಿಕ ಮತ್ತು ಚೀನಾ ಪೈಪೋಟಿಗಿಳಿದವು.

ಹಾಗಾದರೆ ಜಾಂಬಿಯಾ ಚೇತರಿಸಿಕೊಂಡಿತೇ? ವರದಿಗಳು ಇದಕ್ಕೆ ಜಿಡಿಪಿಯ ಶೇಕಡಾವಾರು ಅಂಕಿಯಲ್ಲಿ ಉತ್ತರ ಕೊಡುತ್ತವೆ. ಆ ಅಂಕಿಯನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು ಎಂದು ನಾನು ನಂಬುತ್ತೇನೆ. ಘೋರ ಬರದ 2024ರಲ್ಲೂ ಜಾಂಬಿಯಾದ ಜಿಡಿಪಿ ಬೆಳೆಯಿತು. ಅದೇ ವರ್ಷ ರಾಜಧಾನಿ ಲುಸಾಕಾದ ಬಡಾವಣೆಗಳಲ್ಲಿ ದಿನಕ್ಕೆ ಮೂರು ಗಂಟೆಯಷ್ಟೇ ಕರೆಂಟ್ ಸಿಗುವ ದಿನಗಳಿದ್ದವು. ದೇಶದ ನಾಳೆಯನ್ನು ತಿಳಿಯಲು ಬೇರೆ ಕೆಲವು ಅಂಕಿಗಳಿವೆ: ಲಂಡನ್ನಿನಲ್ಲಿ ತಾಮ್ರದ ಬೆಲೆ, ಕರಿಬಾ ಜಲಾಶಯದ ನೀರಿನ ಮಟ್ಟ, ಸಾಲದ ಕಂತಿನ ಪಟ್ಟಿ, 25 ಕಿಲೋ ಮೆಕ್ಕೆಜೋಳದ ಹಿಟ್ಟಿನ ಚೀಲದ ದರ. ಇವು ನಾಲ್ಕೂ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ತಿಳಿದರೆ, ಆ ದೇಶದ ಬಗ್ಗೆ ಬರುವ ಯಾವ ಸುದ್ದಿಯನ್ನಾದರೂ ತೂಗಿ ನೋಡಬಹುದು.

ನೆಲದಡಿಯ ಹಣ

ಜಾಂಬಿಯಾಕ್ಕೆ ಸಮುದ್ರವಿಲ್ಲ. ಸುತ್ತಲೂ ಎಂಟು ದೇಶಗಳು. ಏಳೂವರೆ ಲಕ್ಷ ಚದರ ಕಿಲೋಮೀಟರ್ ನೆಲ, ಸುಮಾರು ಎರಡು ಕೋಟಿ ಜನ. ಉತ್ತರದಲ್ಲಿ ಕಾಂಗೋ ಗಡಿಗುಂಟ ಹಬ್ಬಿರುವ ‘ಕಾಪರ್‌ಬೆಲ್ಟ್’ ಪ್ರಾಂತ್ಯದಲ್ಲಿ ಕಿಟ್ವೆ, ಚಿಂಗೋಲಾ, ಮುಫುಲಿರಾ ಎಂಬ ಊರುಗಳು ಹುಟ್ಟಿದ್ದೇ ಗಣಿಗಳಿಂದ. ಅದರ ಪಶ್ಚಿಮಕ್ಕೆ ಸೊಲ್ವೆಜಿಯ ಸುತ್ತ ಕನ್ಸಾನ್ಶಿ, ಲುಮ್ವಾನಾ, ಸೆಂಟಿನೆಲ್ ಎಂಬ ಹೊಸ ಕಾಲದ ದೊಡ್ಡ ಗಣಿಗಳಿವೆ. ದೇಶದ ರಫ್ತು ಗಳಿಕೆಯಲ್ಲಿ ಸುಮಾರು ಶೇ 70 ತಾಮ್ರದಿಂದಲೇ ಬರುತ್ತದೆ.

1964ರ ಅಕ್ಟೋಬರ್ 24ರಂದು ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ಸ್ಥಳೀಯ ಪದವೀಧರರು ನೂರರ ಆಸುಪಾಸಿನಲ್ಲಿದ್ದರು. ಖನಿಜದ ಹಕ್ಕು ಅಲ್ಲಿಯವರೆಗೂ ಒಂದು ಬ್ರಿಟಿಷ್ ಕಂಪನಿಯ ಕೈಯಲ್ಲಿತ್ತು. ಮೊದಲ ಅಧ್ಯಕ್ಷ ಕೆನ್ನೆತ್ ಕೌಂಡಾ ಶಾಲೆ, ಆಸ್ಪತ್ರೆ, ವಿಶ್ವವಿದ್ಯಾಲಯಗಳನ್ನು ಕಟ್ಟಿಸಿದ್ದು ತಾಮ್ರದ ಹಣದಲ್ಲಿ. 1975ರ ಹೊತ್ತಿಗೆ ತಾಮ್ರದ ಬೆಲೆ ಕುಸಿಯಿತು. ಇದು ಎರಡು ವರ್ಷದ ಮಾತು, ಬೆಲೆ ಮತ್ತೆ ಏರುತ್ತದೆ ಎಂದುಕೊಂಡು ಸರ್ಕಾರ ಸಾಲ ಮಾಡಿತು. ಬೆಲೆ ಏರಲು ಕಾಲು ಶತಮಾನವೇ ಬೇಕಾಯಿತು. ಅಷ್ಟರಲ್ಲಿ ಸರ್ಕಾರದ ಕೈಯಲ್ಲಿದ್ದ ಗಣಿಗಳು ನಷ್ಟದಲ್ಲಿ ಮುಳುಗಿ, 1997ರಿಂದ 2000ದ ನಡುವೆ ಒಂದೊಂದಾಗಿ ಖಾಸಗಿಯವರಿಗೆ ಮಾರಾಟವಾದವು.

ಈಗಿನ ಲೆಕ್ಕಕ್ಕೆ ಬರೋಣ. 2024ರಲ್ಲಿ ಜಾಂಬಿಯಾ ತೆಗೆದ ತಾಮ್ರ ಸುಮಾರು 8.2 ಲಕ್ಷ ಟನ್. ಬೆಲೆ ನಿಗದಿಯಾಗುವುದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ. ಜಾಂಬಿಯಾಕ್ಕೆ ಅಲ್ಲಿ ಹೇಳಿಕೇಳುವ ಹಕ್ಕಿಲ್ಲ. ಟನ್ನಿಗೆ ಸಾವಿರ ಡಾಲರ್ ಏರಿದರೆ ದೇಶದ ರಫ್ತಿನ ಮೌಲ್ಯ 82 ಕೋಟಿ ಡಾಲರ್ ಹೆಚ್ಚುತ್ತದೆ. ಸುದ್ದಿಯ ತಲೆಬರಹ ಇಲ್ಲಿಗೇ ನಿಲ್ಲುತ್ತದೆ, ನಾವು ನಿಲ್ಲಬಾರದು. ಆ 82 ಕೋಟಿಯಲ್ಲಿ ಸರ್ಕಾರಕ್ಕೆ ಎಷ್ಟು?

ಮೊದಲ ದಾರಿ ರಾಜಧನ. ತಾಮ್ರದ ಬೆಲೆಯ ಮೆಟ್ಟಿಲಿಗೆ ತಕ್ಕಂತೆ ಶೇ 4ರಿಂದ ಶೇ 10ರವರೆಗೆ ಏರುವ ದರ ಇದೆ. ಟನ್ನಿಗೆ 7,000 ಡಾಲರ್ ದಾಟಿದ ಭಾಗಕ್ಕೆ ಶೇ 10. ಅಂದರೆ ಮೇಲಿನ ಸಾವಿರ ಡಾಲರಿನಲ್ಲಿ ನೂರು ಸರ್ಕಾರದ್ದು. ಎರಡನೆಯದು ಕಂಪನಿಯ ಲಾಭದ ಮೇಲಿನ ಶೇ 30 ತೆರಿಗೆ. ಉಳಿದ 900 ಡಾಲರ್ ಪೂರ್ತಿ ಲಾಭವೇ ಆದರೆ ಅದರಲ್ಲಿ 270 ಸಿಗಬೇಕು. ಹೀಗೆ ಕಾಗದದ ಮೇಲೆ ಸಾವಿರಕ್ಕೆ 370. ವಾಸ್ತವದಲ್ಲಿ ಎರಡನೆಯ ದಾರಿ ಸೋರುತ್ತದೆ. ಹಳೆಯ ನಷ್ಟವನ್ನು ಹೊಸ ಲಾಭದಿಂದ ಕಳೆಯಬಹುದು, ಹೊಸ ಯಂತ್ರದ ಖರ್ಚನ್ನೂ ಕಳೆಯಬಹುದು, ತನ್ನದೇ ಬಳಗದ ಇನ್ನೊಂದು ದೇಶದ ಕಂಪನಿಗೆ ಕಡಿಮೆ ಬೆಲೆಗೆ ಮಾರಿದಂತೆ ಲೆಕ್ಕ ತೋರಿಸಲೂಬಹುದು. ರಾಜಧನ ಹಾಗಲ್ಲ. ಅದಿರು ಎಷ್ಟು ಹೊರಬಂತು, ಅಂದಿನ ಬೆಲೆ ಎಷ್ಟು ಎಂಬ ಎರಡೇ ಪ್ರಶ್ನೆಗಳಲ್ಲಿ ಲೆಕ್ಕ ಮುಗಿಯುತ್ತದೆ. ಕನ್ಸಾನ್ಶಿ ಗಣಿಯಲ್ಲಿ ಸರ್ಕಾರಿ ಸಂಸ್ಥೆಗೆ ಇದ್ದ ಶೇ 20ರ ಪಾಲಿನ ಲಾಭಾಂಶವನ್ನು ಬಿಟ್ಟುಕೊಟ್ಟು, ಬದಲಿಗೆ ಮಾರಾಟದ ಮೇಲೆ ಶೇ 3.1ರ ರಾಜಧನ ಪಡೆಯಲು ಜಾಂಬಿಯಾ ಒಪ್ಪಿದ್ದು ಇದೇ ಕಾರಣಕ್ಕೆ. ಲಾಭಾಂಶ ಯಾವಾಗ ಬರುತ್ತದೆಂದು ಕಾದು ಕೂರುವ ಬದಲು ಪ್ರತಿ ಟನ್ನಿಗೂ ಕೈಗೆ ಬರುವ ಹಣವೇ ಲೇಸು ಎಂಬ ಆ ತೀರ್ಮಾನ ಜಾಣತನದ್ದು ಎಂದೇ ನನಗೆ ಕಾಣುತ್ತದೆ.

ತೊಂದರೆಯೆಂದರೆ ಈ ನಿಯಮಗಳು ಪದೇ ಪದೇ ಬದಲಾಗಿವೆ. 2008ರಲ್ಲಿ ಅನಿರೀಕ್ಷಿತ ಲಾಭದ ಮೇಲೆ ವಿಶೇಷ ತೆರಿಗೆ ಹಾಕಿದರು, ಮರುವರ್ಷ ತೆಗೆದರು. 2019ರಲ್ಲಿ ರಾಜಧನವನ್ನು ಖರ್ಚೆಂದು ತೋರಿಸಬಾರದು ಎಂದರು, 2022ರಲ್ಲಿ ತೋರಿಸಬಹುದು ಎಂದರು. ಗಣಿ ತೋಡುವುದು ಇಪ್ಪತ್ತು ಮೂವತ್ತು ವರ್ಷದ ವ್ಯವಹಾರ. ನಿಯಮ ಎರಡೆರಡು ವರ್ಷಕ್ಕೆ ತಿರುಗಿದರೆ ಹೂಡಿಕೆದಾರ ಕೈಕಟ್ಟಿ ಕೂರುತ್ತಾನೆ. ಹತ್ತು ವರ್ಷದೊಳಗೆ ಉತ್ಪಾದನೆಯನ್ನು ವರ್ಷಕ್ಕೆ 30 ಲಕ್ಷ ಟನ್ನಿಗೆ ಏರಿಸುವ ಗುರಿಯನ್ನು ಈಗಿನ ಅಧ್ಯಕ್ಷ ಹಕೈಂಡೆ ಹಿಚಿಲೆಮಾ ಸಾರಿದ್ದಾರೆ. ಆದರೆ 2023ರಲ್ಲಿ ಉತ್ಪಾದನೆ ಏಳು ಲಕ್ಷ ಟನ್ನಿಗೆ ಇಳಿದಿತ್ತು. ಹೂಡಿಕೆ ನಿಂತುಹೋದ ವರ್ಷಗಳ ಫಲ ಅದು.

ಈ ಕಥೆಯಲ್ಲಿ ಬೆಂಗಳೂರಿನ ಒಂದು ಸಂಜೆಗೂ ಜಾಗವಿದೆ. ಭಾರತ ಮೂಲದ ವೇದಾಂತ ಕಂಪನಿ 2004ರಲ್ಲಿ ಕೊಂಕೋಲಾ ತಾಮ್ರ ಗಣಿಗಳ ಶೇ 51 ಪಾಲನ್ನು 2.5 ಕೋಟಿ ಡಾಲರ್ ನಗದಿಗೆ ಕೊಂಡಿತ್ತು. 2014ರಲ್ಲಿ ಬೆಂಗಳೂರಿನಲ್ಲಿ ನಡೆದ ಜೈನ ಉದ್ಯಮಿಗಳ ಸಮಾವೇಶವೊಂದರಲ್ಲಿ ಕಂಪನಿಯ ಅಧ್ಯಕ್ಷ ಅನಿಲ್ ಅಗರ್ವಾಲ್ ಆ ಖರೀದಿಯ ಕಥೆಯನ್ನು ಸಭಿಕರಿಗೆ ಹೇಳಿದರು. ಗಣಿ ವರ್ಷಕ್ಕೆ ಕನಿಷ್ಠ 50 ಕೋಟಿ ಡಾಲರ್ ತಂದುಕೊಡುತ್ತಿದೆ ಎಂದೂ ಸೇರಿಸಿದರು. ಆ ವಿಡಿಯೊ ಜಾಂಬಿಯಾಕ್ಕೆ ತಲುಪಿತು. ಇಲ್ಲಿ ನಷ್ಟವೆಂದು ಲೆಕ್ಕ, ಅಲ್ಲಿ ಲಾಭವೆಂದು ಭಾಷಣವೇ ಎಂದು ಜನ ಸಿಟ್ಟಿಗೆದ್ದರು. 2019ರಲ್ಲಿ ಆಗಿನ ಅಧ್ಯಕ್ಷ ಎಡ್ಗರ್ ಲುಂಗು ಸರ್ಕಾರ ಗಣಿಯನ್ನು ವೇದಾಂತದ ಕೈಯಿಂದ ತೆಗೆದು ಸಮಾಪಕನಿಗೆ ಒಪ್ಪಿಸಿತು. ಬಂಡವಾಳವಿಲ್ಲದೆ ಗಣಿ ಸೊರಗಿತು, ಗುತ್ತಿಗೆದಾರರಿಗೆ ಹಣ ಸಿಗದಾಯಿತು. ಕೊನೆಗೆ 100 ಕೋಟಿ ಡಾಲರ್ ಹೂಡುವ ಮಾತಿನ ಮೇಲೆ 2024ರಲ್ಲಿ ಗಣಿ ಮತ್ತೆ ವೇದಾಂತದ ವಶಕ್ಕೆ ಹೋಯಿತು. ಕಂಪನಿಯನ್ನು ಓಡಿಸಿದರೆ ಗಣಿ ನಡೆಯುವುದಿಲ್ಲ, ಕಂಪನಿಯನ್ನು ನಂಬಿ ಕುಳಿತರೆ ಖಜಾನೆ ತುಂಬುವುದಿಲ್ಲ. ಈ ಎರಡರ ನಡುವೆ ಗಟ್ಟಿಯಾಗಿ ನಿಲ್ಲಬಲ್ಲ ತೆರಿಗೆ ಇಲಾಖೆ ಜಾಂಬಿಯಾಕ್ಕೆ ಬೇಕಿರುವುದು. ಅದಿರಿನಲ್ಲಿ ಲೋಹ ಎಷ್ಟಿದೆ ಎಂದು ತಾನೇ ಪರೀಕ್ಷಿಸಬಲ್ಲ, ವಿದೇಶಿ ಲೆಕ್ಕಪತ್ರವನ್ನು ಬಿಡಿಸಿ ನೋಡಬಲ್ಲ ನೌಕರರು ಅಲ್ಲಿ ಎಷ್ಟು ಮಂದಿ ತಯಾರಾಗುತ್ತಿದ್ದಾರೆ ಎಂಬುದನ್ನು ತಾಮ್ರದ ಬೆಲೆಯಷ್ಟೇ ಗಮನವಿಟ್ಟು ನೋಡಬೇಕು.

ಸಾಲ ಹೇಗೆ ಬೆಳೆಯಿತು, ಹೇಗೆ ಕರಗಿತು

ಒಂದು ಬಾರಿ ಸಾಲ ಮನ್ನಾ ಆದ ದೇಶ ಮತ್ತೆ ಅದೇ ಗುಂಡಿಗೆ ಬಿದ್ದದ್ದು ಹೇಗೆ? 2005-06ರಲ್ಲಿ ವಿಶ್ವಬ್ಯಾಂಕ್, ಐಎಂಎಫ್ ಮತ್ತು ಶ್ರೀಮಂತ ದೇಶಗಳು ಸೇರಿ ಜಾಂಬಿಯಾದ ಸಾಲದ ಬಹುಪಾಲನ್ನು ಅಳಿಸಿಹಾಕಿದವು. 700 ಕೋಟಿ ಡಾಲರ್‌ನಷ್ಟಿದ್ದ ವಿದೇಶಿ ಸಾಲ 100 ಕೋಟಿಗಿಂತ ಕೆಳಗಿಳಿಯಿತು. ಅದೇ ವೇಳೆಗೆ ಚೀನಾದ ಕಾರ್ಖಾನೆಗಳ ಹಸಿವಿನಿಂದ ತಾಮ್ರದ ಬೆಲೆ ಏರಿತು. 2012ರಲ್ಲಿ ಜಾಂಬಿಯಾ ಮೊದಲ ಬಾರಿಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ 75 ಕೋಟಿ ಡಾಲರಿನ ಬಾಂಡ್ ಮಾರಲು ಹೋದಾಗ ಅದರ ಹದಿನೈದು ಪಟ್ಟು ಬೇಡಿಕೆ ಬಂತು. ಬಡ್ಡಿಯೂ ಕಡಿಮೆಯಿತ್ತು. 2014ರಲ್ಲಿ 100 ಕೋಟಿ, 2015ರಲ್ಲಿ 125 ಕೋಟಿ ಡಾಲರ್. ಮೂರನೆಯ ಬಾಂಡಿನ ಹೊತ್ತಿಗೆ ಬಡ್ಡಿ ಶೇ 9ರ ಹತ್ತಿರ ಬಂದಿತ್ತು. ಇದರ ಜೊತೆಗೆ ರಸ್ತೆ, ವಿಮಾನ ನಿಲ್ದಾಣ, ಜಲವಿದ್ಯುತ್ ಯೋಜನೆಗಳಿಗೆ ಚೀನಾದ ಬ್ಯಾಂಕುಗಳ ಸಾಲ.

ರಸ್ತೆ ಮಾಡಿದ್ದು ತಪ್ಪಲ್ಲ. ಆದರೆ ರಸ್ತೆ ದುಡಿಯುವುದು ನಿಧಾನವಾಗಿ, ಅದೂ ಕ್ವಾಚಾದಲ್ಲಿ. ಸಾಲ ತೀರಿಸಬೇಕಾದದ್ದು ಬೇಗ, ಅದೂ ಡಾಲರಿನಲ್ಲಿ. ತಾಮ್ರ ಬಿದ್ದ ದಿನ ಕ್ವಾಚಾ ಬೀಳುತ್ತದೆ, ಕ್ವಾಚಾ ಬಿದ್ದ ದಿನ ಅದೇ ಸಾಲ ಹಿಗ್ಗುತ್ತದೆ. ಆದಾಯ ಕುಗ್ಗಿದಾಗಲೇ ಕಂತು ಭಾರವಾಗುವ ಈ ವ್ಯವಸ್ಥೆಯಲ್ಲಿ ಕೊರೊನಾ ಬಂದು ಕೊನೆಯ ತಳ್ಳು ಕೊಟ್ಟಿತು, ಅಷ್ಟೇ.

ಮುಂದೆ ಆದದ್ದು ದೀರ್ಘವಾದ ಚೌಕಾಸಿ. ಬಡ ದೇಶಗಳ ಸಾಲ ಪುನರ್‌ರಚನೆಗೆಂದು ಜಿ20 ರಾಷ್ಟ್ರಗಳು ರೂಪಿಸಿದ ‘ಸಾಮಾನ್ಯ ಚೌಕಟ್ಟಿ’ನ ಮೊದಲ ದೊಡ್ಡ ಪರೀಕ್ಷೆಗಳಲ್ಲಿ ಜಾಂಬಿಯಾ ಒಂದು. ಇದರ ನಿಯಮ ಸರಳ: ಸಾಲ ಕೊಟ್ಟ ಸರ್ಕಾರಗಳು ಮೊದಲು ಒಟ್ಟಾಗಿ ಎಷ್ಟು ಬಿಡುತ್ತೇವೆಂದು ಹೇಳಬೇಕು, ಬಳಿಕ ಖಾಸಗಿ ಸಾಲದಾತರು ಅದಕ್ಕೆ ಸಮನಾಗಿ ಬಿಡಬೇಕು. ನಡೆಸುವುದು ಮಾತ್ರ ಕಷ್ಟ. ಯಾರೂ ಮೊದಲು ಬಿಡಲು ಒಪ್ಪುವುದಿಲ್ಲ; ನಾನು ಬಿಟ್ಟ ಹಣ ಇನ್ನೊಬ್ಬನ ಕಂತಿಗೆ ಹೋದರೆ ಎಂಬ ಅನುಮಾನ ಎಲ್ಲರಿಗೂ. 2022ರ ಆಗಸ್ಟ್‌ನಲ್ಲಿ ಐಎಂಎಫ್ 130 ಕೋಟಿ ಡಾಲರಿನ ನೆರವಿಗೆ ಒಪ್ಪಿತು, ಬರದ ವರ್ಷದಲ್ಲಿ ಅದನ್ನು 170 ಕೋಟಿಗೆ ಏರಿಸಿತು. 2023ರ ಜೂನ್‌ನಲ್ಲಿ ಚೀನಾ, ಫ್ರಾನ್ಸ್ ಮೊದಲಾದ ಸರ್ಕಾರಗಳು 630 ಕೋಟಿ ಡಾಲರ್ ಸಾಲದ ಪುನರ್‌ರಚನೆಗೆ ಒಪ್ಪಿದವು. ಬಾಂಡ್ ಹೊಂದಿದವರೊಂದಿಗೆ ಆದ ಒಪ್ಪಂದವನ್ನು ಅದೇ ವರ್ಷದ ನವೆಂಬರ್‌ನಲ್ಲಿ ಈ ಸರ್ಕಾರಗಳು ತಿರಸ್ಕರಿಸಿದವು, ‘ನಮ್ಮಷ್ಟು ನೀವು ಬಿಟ್ಟಿಲ್ಲ’ ಎಂಬುದು ಕಾರಣ. 2024ರ ಜೂನ್‌ನಲ್ಲಿ ಆ 300 ಕೋಟಿ ಡಾಲರ್ ಬಾಂಡುಗಳ ವಿನಿಮಯವೂ ಮುಗಿಯಿತು. ಸುಸ್ತಿಯಾದ ದಿನದಿಂದ ಮೂರೂವರೆ ವರ್ಷ. ಈ ಕಾಲವೆಲ್ಲ ಹೊಸ ಹೂಡಿಕೆ ಅನುಮಾನದಲ್ಲಿ ನಿಂತಿತ್ತು, ಅದರ ಬೆಲೆ ತೆತ್ತವರು ಕೆಲಸಕ್ಕಾಗಿ ಕಾದ ಹುಡುಗರು.

ಸಿಕ್ಕಿದ ಷರತ್ತು ಒಳ್ಳೆಯದೇ. ಸರ್ಕಾರಿ ಸಾಲಗಳ ಅವಧಿ 2043ರವರೆಗೆ ಚಾಚಿದೆ, ಆರಂಭದ ವರ್ಷಗಳಲ್ಲಿ ಬಡ್ಡಿ ಶೇ 1. ಆದರೆ ಒಪ್ಪಂದದಲ್ಲಿ ಓದಲೇಬೇಕಾದ ಒಂದು ಕಲಮು ಇದೆ. ದೇಶಕ್ಕೆ ಸಾಲ ಹೊರುವ ಶಕ್ತಿ ಎಷ್ಟಿದೆ ಎಂದು ಐಎಂಎಫ್ ಮತ್ತು ವಿಶ್ವಬ್ಯಾಂಕ್ ಶ್ರೇಣಿ ಕೊಡುತ್ತವೆ. ಜಾಂಬಿಯಾ ‘ದುರ್ಬಲ’ದಿಂದ ‘ಮಧ್ಯಮ’ಕ್ಕೆ ಏರಿದರೆ ಬಡ್ಡಿ ಏರುತ್ತದೆ, ಕಂತುಗಳು ಬೇಗ ಬೀಳುತ್ತವೆ. ಚೆನ್ನಾಗಿ ನಡೆದರೆ ಹೆಚ್ಚು ಕೊಡು ಎಂಬುದು ಸಾಲದಾತರ ದೃಷ್ಟಿಯಲ್ಲಿ ನ್ಯಾಯ. ತಾಮ್ರದ ಬೆಲೆ 2025ರ ಕೊನೆಗೆ ಟನ್ನಿಗೆ 12,000 ಡಾಲರ್ ದಾಟಿದಾಗ ಸಂಭ್ರಮಿಸಿದ ಸುದ್ದಿಗಳ ಪಕ್ಕದಲ್ಲಿ ಈ ಕಲಮನ್ನೂ ಇಟ್ಟು ಓದಬೇಕು. ಒಳ್ಳೆಯ ಕಾಲದ ಗಳಿಕೆಯ ಒಂದು ಪಾಲಿಗೆ ಆಗಲೇ ಹಕ್ಕುದಾರರಿದ್ದಾರೆ.

ಕ್ವಾಚಾವನ್ನು ಗಮನಿಸುವುದು ಸುಲಭ. 2025ರ ಆರಂಭದಲ್ಲಿ ಡಾಲರಿಗೆ 28ರ ಆಸುಪಾಸಿನಲ್ಲಿದ್ದದ್ದು ವರ್ಷದ ಕೊನೆಗೆ 23ರ ಆಸುಪಾಸಿಗೆ ಬಂತು. ಇದರಿಂದ ಡೀಸೆಲ್, ಗೊಬ್ಬರ, ಔಷಧಿ ಅಗ್ಗವಾಗುತ್ತವೆ, ವರ್ಷದ ಆರಂಭದಲ್ಲಿ ಶೇ 16 ದಾಟಿದ್ದ ಹಣದುಬ್ಬರ ಇಳಿಯುತ್ತದೆ. ಹೂವು, ಸಕ್ಕರೆ, ತಂಬಾಕು ರಫ್ತು ಮಾಡುವ ರೈತನಿಗೆ ಮಾತ್ರ ಕೈಗೆ ಬರುವ ಕ್ವಾಚಾ ಕಡಿಮೆ. ತಾಮ್ರ ಬಿಟ್ಟು ಬೇರೆ ಬದುಕು ಕಟ್ಟಬೇಕಾದ ದೇಶಕ್ಕೆ ಬಲವಾದ ನಾಣ್ಯವೂ ಒಂದು ತೊಡಕು.

ಹದಿಮೂರು ಮೀಟರ್ ನೀರು

ನನ್ನ ಅಂದಾಜಿನಲ್ಲಿ ಜಾಂಬಿಯಾದ ಮುಂದಿನ ಹತ್ತು ವರ್ಷವನ್ನು ತಾಮ್ರಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ವಿದ್ಯುತ್. ದೇಶದ ವಿದ್ಯುತ್ತಿನಲ್ಲಿ ಶೇ 80ಕ್ಕೂ ಹೆಚ್ಚು ನೀರಿನಿಂದ ಬರುತ್ತಿತ್ತು. ಅದರ ದೊಡ್ಡ ಪಾಲು ಜಾಂಬೆಜಿ ನದಿಯ ಕರಿಬಾ ಜಲಾಶಯ ಮತ್ತು ಕಫುಯೆ ನದಿಯ ಕೇಂದ್ರಗಳದ್ದು. 1950ರ ದಶಕದ ಕೊನೆಗೆ ಕಟ್ಟಿದ ಕರಿಬಾ, ನೀರಿನ ಪ್ರಮಾಣದಲ್ಲಿ ಜಗತ್ತಿನ ಅತಿ ದೊಡ್ಡ ಮಾನವ ನಿರ್ಮಿತ ಸರೋವರ. ಅದಕ್ಕಾಗಿ ಟೋಂಗಾ ಜನಾಂಗದ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ನೆಲ ಬಿಟ್ಟರು. ಅವರ ಎಷ್ಟೋ ಹಳ್ಳಿಗಳಿಗೆ ಆ ಅಣೆಕಟ್ಟಿನ ಕರೆಂಟ್ ದಶಕಗಳ ಕಾಲ ತಲುಪಲಿಲ್ಲ ಎಂಬುದು ಮರೆಯಬಾರದ ಅನ್ಯಾಯ.

ಸರೋವರ ಎಷ್ಟೇ ದೊಡ್ಡದಾದರೂ ಟರ್ಬೈನ್ ತಿರುಗಿಸಲು ಬಳಸಬಹುದಾದದ್ದು 475.5 ಮೀಟರಿನಿಂದ 488.5 ಮೀಟರಿನ ನಡುವಿನ ನೀರು ಮಾತ್ರ. ಆ ಹದಿಮೂರು ಮೀಟರನ್ನೂ ಜಿಂಬಾಬ್ವೆಯೊಂದಿಗೆ ಹಂಚಿಕೊಳ್ಳಬೇಕು. ಎರಡೂ ದೇಶಗಳ ಜಂಟಿ ನದಿ ಪ್ರಾಧಿಕಾರ ವರ್ಷಕ್ಕಿಷ್ಟು ಎಂದು ನೀರು ಅಳೆದು ಕೊಡುತ್ತದೆ, ಸರೋವರದ ಮಟ್ಟವನ್ನು ಪ್ರಕಟಿಸುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ವಾಯವ್ಯ ಜಾಂಬಿಯಾ ಮತ್ತು ಅಂಗೋಲಾದಲ್ಲಿ ಬಿದ್ದ ಮಳೆ, ಬರೋಟ್ಸೆಯ ವಿಶಾಲ ಬಯಲಿನಲ್ಲಿ ಹರಡಿ, ತಡವಾಗಿ ಕೆಳಗಿಳಿಯುತ್ತದೆ. ಹಾಗಾಗಿ ಒಂದು ಮಳೆಗಾಲ ಕೆಟ್ಟರೆ ಮುಂದಿನ ಇಡೀ ವರ್ಷದ ಕರೆಂಟಿಗೆ ಪೆಟ್ಟು. ಏಪ್ರಿಲ್-ಮೇ ಹೊತ್ತಿಗೆ ಸರೋವರದ ಮಟ್ಟ ನೋಡಿದವರು ಅಕ್ಟೋಬರಿನ ಕತ್ತಲೆಯನ್ನು ಮೊದಲೇ ಹೇಳಬಲ್ಲರು.

2023-24ರಲ್ಲಿ ಎಲ್ ನಿನೋ ಬಂದು ಮಳೆ ಕೈಕೊಟ್ಟಿತು. ಫೆಬ್ರುವರಿ 29ರಂದು ಸರ್ಕಾರ ರಾಷ್ಟ್ರೀಯ ವಿಪತ್ತು ಘೋಷಿಸಿತು. ದೇಶದ 116 ಜಿಲ್ಲೆಗಳಲ್ಲಿ 84ಕ್ಕೆ ಬರ ತಟ್ಟಿತ್ತು. ಕರಿಬಾದಲ್ಲಿ ಬಳಸಬಹುದಾದ ನೀರು ಹತ್ತರಲ್ಲೊಂದು ಪಾಲಿಗಿಂತ ಕೆಳಗಿಳಿಯಿತು. ದಿನಕ್ಕೆ 21 ಗಂಟೆಯವರೆಗೆ ಲೋಡ್ ಶೆಡ್ಡಿಂಗ್. ಗಣಿಗಳು ಪಕ್ಕದ ದೇಶಗಳಿಂದ ದುಬಾರಿ ಕರೆಂಟ್ ತರಿಸಿಕೊಂಡು ನಡೆದವು. ದೇಶದ ಅರ್ಧದಷ್ಟು ವಿದ್ಯುತ್ ಉಣ್ಣುವವು ಅವೇ. ಕ್ಷೌರದಂಗಡಿ, ವೆಲ್ಡಿಂಗ್ ಶೆಡ್, ಹಿಟ್ಟಿನ ಗಿರಣಿ, ಮೀನು ಕೆಡದಂತೆ ಫ್ರೀಜರ್ ಇಟ್ಟುಕೊಂಡ ಮಾರುಕಟ್ಟೆಯ ಹೆಂಗಸರು ಏನು ಮಾಡಬೇಕು? ಅಡುಗೆಗೆ ಇದ್ದಿಲು ಬೇಕಾಯಿತು, ಇದ್ದಿಲಿಗೆ ಕಾಡು ಕಡಿದರು. ಜಿಡಿಪಿ ಅಂಕಿ ಇದನ್ನೆಲ್ಲ ಹೇಳುವುದಿಲ್ಲ ಎಂದೇ ಅದನ್ನು ಕೊನೆಗೆ ನೋಡಿ ಎಂದೆ.

ಪಾಠ ಕಲಿತ ಸೂಚನೆಗಳಿವೆ. ಚಿಸಾಂಬಾದಲ್ಲಿ 100 ಮೆಗಾವಾಟ್ ಸೌರ ಸ್ಥಾವರ 2025ರ ಜೂನ್‌ನಲ್ಲಿ ಶುರುವಾಯಿತು. ಮಾಂಬಾದಲ್ಲಿ ಭಾರತದ ನವ ಭಾರತ್ ಸಮೂಹ ನಡೆಸುವ 300 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಬರದ ವರ್ಷದಲ್ಲಿ ದೇಶಕ್ಕೆ ಆಸರೆಯಾಗಿತ್ತು. ಅಷ್ಟೇ ಸಾಮರ್ಥ್ಯದ ಇನ್ನೊಂದು ಘಟಕ ಅಲ್ಲಿ ಸೇರುತ್ತಿದೆ. ಖಾಸಗಿಯವರು ಸರ್ಕಾರಿ ತಂತಿಯ ಮೇಲೆ ತಮ್ಮ ಕರೆಂಟ್ ಸಾಗಿಸಲು ಅವಕಾಶವಾಗಿದೆ. ಉಳಿದಿರುವುದು ಕಠಿಣವಾದ ಭಾಗ: ಸರ್ಕಾರಿ ವಿದ್ಯುತ್ ಕಂಪನಿ ಜೆಸ್ಕೊ ಖರ್ಚು ಹುಟ್ಟುವಷ್ಟು ದರ ವಿಧಿಸಬೇಕು, ಬಡವರ ಮನೆಯ ದೀಪವೂ ಉಳಿಯಬೇಕು. 30 ಲಕ್ಷ ಟನ್ ತಾಮ್ರದ ಮಾತಾಡುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ, ಅದಕ್ಕೆ ಕರೆಂಟ್ ಎಲ್ಲಿಂದ ಎಂಬುದು.

ಹಿಟ್ಟಿನ ಚೀಲ ಮತ್ತು ಮತಪೆಟ್ಟಿಗೆ

ಜಾಂಬಿಯಾದ ಊಟವೆಂದರೆ ನ್ಶಿಮಾ. ಬಿಳಿ ಜೋಳದ, ಅಂದರೆ ನಮ್ಮ ಮೆಕ್ಕೆಜೋಳದ ಬಿಳಿ ತಳಿಯ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತೊಳಸಿ ಕಟ್ಟುವ ಮುದ್ದೆ. ಸೊಪ್ಪು, ಒಣಮೀನು, ಬೀನ್ಸ್ ಜೊತೆ ಕೈಯಲ್ಲಿ ಮುರಿದು ತಿನ್ನುತ್ತಾರೆ. ಆ ಹಿಟ್ಟಿನ ಬೆಲೆ ಸರ್ಕಾರಗಳನ್ನೇ ಅಲುಗಿಸಿದೆ. 1986ರ ಡಿಸೆಂಬರ್‌ನಲ್ಲಿ ಸಬ್ಸಿಡಿ ತೆಗೆದು ಬೆಲೆ ಏರಿಸಿದಾಗ ಕಾಪರ್‌ಬೆಲ್ಟ್ ಊರುಗಳಲ್ಲಿ ಗಲಭೆಯೆದ್ದು ಜನ ಸತ್ತರು, ಸರ್ಕಾರ ಏರಿಕೆಯನ್ನು ಹಿಂತೆಗೆದುಕೊಂಡಿತು. 1990ರ ಜೂನ್‌ನಲ್ಲಿ ಮತ್ತೆ ಏರಿಕೆ, ಮತ್ತೆ ಗಲಭೆ, ಜೊತೆಗೆ ಒಂದು ವಿಫಲ ಸೇನಾ ದಂಗೆ. ಮರುವರ್ಷವೇ ಬಹುಪಕ್ಷ ಚುನಾವಣೆ ನಡೆದು, 27 ವರ್ಷ ಆಳಿದ್ದ ಕೌಂಡಾ ಸೋತು ಕೆಳಗಿಳಿದರು.

ಹಾಗಾಗಿ ಯಾವ ಸರ್ಕಾರವೂ ಜೋಳವನ್ನು ಮಾರುಕಟ್ಟೆಗೆ ಬಿಟ್ಟು ಸುಮ್ಮನಿರುವುದಿಲ್ಲ. ಬೀಜ-ಗೊಬ್ಬರಕ್ಕೆ ಸಬ್ಸಿಡಿ ಕೊಡುತ್ತದೆ, ಆಹಾರ ದಾಸ್ತಾನು ಸಂಸ್ಥೆಯ ಮೂಲಕ ನಿಗದಿತ ಬೆಲೆಗೆ ಕೊಳ್ಳುತ್ತದೆ. ಕೃಷಿ ಬಜೆಟ್ಟಿನ ಬಹುಪಾಲನ್ನು ಇವೆರಡೇ ನುಂಗುವುದರಿಂದ ನೀರಾವರಿಗೆ, ಹಳ್ಳಿಯ ರಸ್ತೆಗೆ ಉಳಿಯುವುದು ಅಲ್ಪ. 2024ರಲ್ಲಿ ಜೋಳದ ಫಸಲು ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗಿಳಿದು 15 ಲಕ್ಷ ಟನ್ ಆಯಿತು. ಮಳೆ ಮರಳಿದ 2025ರಲ್ಲಿ ದಾಖಲೆಯ 36 ಲಕ್ಷ ಟನ್ ದಾಟಿತು. ಒಂದೇ ವರ್ಷದಲ್ಲಿ ಹಸಿವಿನಿಂದ ಹೆಚ್ಚುವರಿಗೆ! ಆ ಸುಗ್ಗಿಯಲ್ಲಿ ಬೇರೆ ತೊಂದರೆ ಕಾಣಿಸಿತು: ಸರ್ಕಾರಕ್ಕೆ ಜೋಳ ಮಾರಿದ ರೈತರು ಹಣಕ್ಕಾಗಿ ಕಾಯಬೇಕಾಯಿತು. ಕೊಟ್ಟ ಜೋಳದ ಹಣ ಬಿತ್ತನೆಗೆ ಮೊದಲು ಕೈಸೇರದಿದ್ದರೆ ಮುಂದಿನ ಬೆಳೆಗೆ ಗೊಬ್ಬರವಿಲ್ಲ. 2022ರ ಸಮೀಕ್ಷೆಯ ಪ್ರಕಾರ ದೇಶದ ಶೇ 60 ಜನ ಬಡತನ ರೇಖೆಯ ಕೆಳಗಿದ್ದಾರೆ. ಹಳ್ಳಿಗಳಲ್ಲಿ ಈ ಪ್ರಮಾಣ ಶೇ 80ರ ಹತ್ತಿರ.

ರಾಜಕೀಯಕ್ಕೆ ಬಂದರೆ, ಜಾಂಬಿಯಾಕ್ಕೆ ಹೆಮ್ಮೆ ಪಡಲು ಕಾರಣವಿದೆ. 1991, 2011, 2021, ಮೂರು ಬಾರಿ ಅಧಿಕಾರದಲ್ಲಿದ್ದವರು ಮತಪೆಟ್ಟಿಗೆಯಲ್ಲಿ ಸೋತು ಶಾಂತವಾಗಿ ಹೊರನಡೆದರು. ಗೆಲ್ಲಲು ಅರ್ಧಕ್ಕಿಂತ ಒಂದಾದರೂ ಹೆಚ್ಚು ಮತ ಬೇಕು, ಇಲ್ಲವಾದರೆ ಮೊದಲ ಇಬ್ಬರ ನಡುವೆ ಮರುಮತದಾನ. ದಕ್ಷಿಣ ಮತ್ತು ಪಶ್ಚಿಮದ ಪ್ರಾಂತ್ಯಗಳು ಒಂದು ಕಡೆ, ಉತ್ತರ ಮತ್ತು ಪೂರ್ವದವು ಇನ್ನೊಂದು ಕಡೆ ವಾಲುವ ಹಳೆಯ ರೂಢಿಯಿದೆ. ಆದ್ದರಿಂದ ಅರ್ಧ ದಾಟಲು ಲುಸಾಕಾ ಮತ್ತು ಕಾಪರ್‌ಬೆಲ್ಟ್ ನಗರಗಳ ಒಲವು ಬೇಕೇ ಬೇಕು. 2021ರಲ್ಲಿ ಆರನೆಯ ಪ್ರಯತ್ನದಲ್ಲಿ ಹಿಚಿಲೆಮಾ ಶೇ 59 ಮತ ಪಡೆದದ್ದು ಈ ನಗರಗಳ ಯುವಜನ ತಿರುಗಿಬಿದ್ದದ್ದರಿಂದ. 2017ರಲ್ಲಿ ದೇಶದ್ರೋಹದ ಆರೋಪದ ಮೇಲೆ ನಾಲ್ಕು ತಿಂಗಳು ಜೈಲಿನಲ್ಲಿದ್ದ ಮನುಷ್ಯ ಅವರು.

ಅವರ ಸರ್ಕಾರದ ಲೆಕ್ಕದಲ್ಲಿ ಒಳ್ಳೆಯದು ಬಹಳವಿದೆ. ಪ್ರೌಢಶಾಲೆಯವರೆಗೆ ಶುಲ್ಕ ರದ್ದಾಗಿ ಮಕ್ಕಳು ಶಾಲೆಗೆ ಮರಳಿದರು, 2022ರಲ್ಲೇ 30,000 ಶಿಕ್ಷಕರ ನೇಮಕವಾಯಿತು. ಪ್ರತಿ ಕ್ಷೇತ್ರದ ಅಭಿವೃದ್ಧಿ ನಿಧಿ 16 ಲಕ್ಷ ಕ್ವಾಚಾದಿಂದ 2.57 ಕೋಟಿಗೆ ಏರಿತು. ಮರಣದಂಡನೆಯನ್ನೂ ಅಧ್ಯಕ್ಷರ ಮಾನಹಾನಿಯನ್ನು ಅಪರಾಧವಾಗಿಸಿದ್ದ ಕಾನೂನನ್ನೂ 2022ರ ಕೊನೆಗೆ ತೆಗೆದುಹಾಕಿದರು. ಆತಂಕಗಳೂ ಇವೆ. 2025ರ ಸೈಬರ್ ಕಾನೂನುಗಳು ಟೀಕೆಗೆ ಸಂಚಕಾರ ತರುತ್ತವೆಂಬ ಭಯ ಹುಟ್ಟಿಸಿದವು. ಕ್ಷೇತ್ರಗಳ ಸಂಖ್ಯೆ ಹೆಚ್ಚಿಸುವ ಸಂವಿಧಾನ ತಿದ್ದುಪಡಿ ನ್ಯಾಯಾಲಯದಲ್ಲೂ ಬೀದಿಯಲ್ಲೂ ವಿವಾದವಾಯಿತು. ಮಾಜಿ ಅಧ್ಯಕ್ಷ ಲುಂಗು 2025ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ತೀರಿಕೊಂಡಾಗ ಅವರ ಅಂತ್ಯಕ್ರಿಯೆ ಎಲ್ಲಿ ನಡೆಯಬೇಕೆಂಬುದೇ ಸರ್ಕಾರ ಮತ್ತು ಕುಟುಂಬದ ನಡುವಿನ ಕೋರ್ಟ್ ವ್ಯಾಜ್ಯವಾಯಿತು. ಅವರ ಪಕ್ಷ ಒಡೆದು ಚೂರಾಗಿದೆ. ಬಲವಾದ ವಿರೋಧ ಪಕ್ಷವಿಲ್ಲದೆ ನಡೆಯುವ ಚುನಾವಣೆ ಆಳುವವರಿಗೆ ಸುಲಭ, ದೇಶಕ್ಕೆ ಒಳ್ಳೆಯದಲ್ಲ ಎಂದು ನಾನು ಭಾವಿಸುತ್ತೇನೆ.

ಹೊರಗಿನ ಗಾಳಿಯನ್ನೂ ಒಂದಿಷ್ಟು ಗಮನಿಸಬೇಕು. 1965ರಲ್ಲಿ ದಕ್ಷಿಣದ ರೊಡೀಷಿಯಾದ (ಇಂದಿನ ಜಿಂಬಾಬ್ವೆ) ಬಿಳಿಯರ ಸರ್ಕಾರ ದಾರಿ ಬಿಗಿಹಿಡಿದಾಗ, ಚೀನಾ ಬಡ್ಡಿಯಿಲ್ಲದ ಸಾಲ ಕೊಟ್ಟು ದಾರ್ ಎಸ್ ಸಲಾಮ್ ಬಂದರಿಗೆ 1,860 ಕಿಲೋಮೀಟರಿನ ತಜಾರಾ ರೈಲುಹಾದಿ ಕಟ್ಟಿಕೊಟ್ಟಿತು. ಶಿಥಿಲವಾಗಿರುವ ಅದನ್ನು 140 ಕೋಟಿ ಡಾಲರಿನಲ್ಲಿ ಸರಿಪಡಿಸಲು ಚೀನಾದ ಕಂಪನಿಯೇ ಮುಂದೆ ಬಂದಿದೆ. ಪಶ್ಚಿಮಕ್ಕೆ ಅಂಗೋಲಾದ ಲೊಬಿಟೊ ಬಂದರಿನ ಹಾದಿಗೆ ಅಮೆರಿಕ ಮತ್ತು ಯುರೋಪಿನ ಬೆಂಬಲವಿದೆ. ಎರಡು ದಾರಿ ಇದ್ದರೆ ಚೌಕಾಸಿಗೆ ಬಲ ಬರುತ್ತದೆ. ಭಾರತವೂ 9,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ತಾಮ್ರ ಮತ್ತು ಕೋಬಾಲ್ಟ್ ಹುಡುಕಲು ಅನುಮತಿ ಪಡೆದಿದೆ. ಇನ್ನೊಂದೆಡೆ, ದಾನವಾಗಿ ಬಂದ ಔಷಧಿಗಳು ಕಳುವಾಗಿ ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ ಎಂದು 2025ರ ಮೇ ತಿಂಗಳಲ್ಲಿ ಅಮೆರಿಕ ವರ್ಷಕ್ಕೆ 5 ಕೋಟಿ ಡಾಲರಿನ ನೆರವನ್ನು ಕಡಿತಗೊಳಿಸಿತು. ಎಚ್‌ಐವಿ ಮಾತ್ರೆಗಳಿಗೆ ಹೊರಗಿನ ಹಣವನ್ನೇ ನೆಚ್ಚಿದ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಗಣಿಗಾರಿಕೆಗೆ ಇನ್ನೊಂದು ಬೆಲೆಯೂ ಇದೆ. 2025ರ ಫೆಬ್ರುವರಿ 18ರಂದು ಕಾಪರ್‌ಬೆಲ್ಟಿನ ಚಂಬಿಶಿಯಲ್ಲಿ ಚೀನಾ ಮೂಲದ ಕಂಪನಿಯೊಂದರ ತ್ಯಾಜ್ಯದ ಒಡ್ಡು ಒಡೆದು ಆಮ್ಲದ ನೀರು ಕಫುಯೆ ನದಿ ಸೇರಿತು. ಮೀನು ಸತ್ತವು, ದಡದ ಬೆಳೆ ಸುಟ್ಟಿತು, ಲಕ್ಷಾಂತರ ಜನರ ಕಿಟ್ವೆ ನಗರದ ಕುಡಿಯುವ ನೀರು ನಿಂತಿತು. ತಾಮ್ರದ ಉತ್ಪಾದನೆ ಮೂರು ಪಟ್ಟಾದರೆ ತ್ಯಾಜ್ಯವೂ ಮೂರು ಪಟ್ಟಾಗುತ್ತದೆ. ಒಡ್ಡುಗಳನ್ನು ಪರಿಶೀಲಿಸುವ ಪರಿಸರ ಸಂಸ್ಥೆಗೆ ಬಜೆಟ್ಟಿನಲ್ಲಿ ಎಷ್ಟು ಇಟ್ಟಿದ್ದಾರೆ ಎಂಬ ಸಾಲನ್ನು ಆರ್ಥಿಕ ವರದಿಗಾರರು ಹುಡುಕುವುದೇ ಇಲ್ಲ. ಹುಡುಕಬೇಕು.

ಸಾರ್ವತ್ರಿಕ ಚುನಾವಣೆಗೆ ನಿಗದಿಯಾದ ದಿನ 2026ರ ಆಗಸ್ಟ್ 13. ಆರ್ಥಿಕ ವರ್ಷ ಜನವರಿಗೆ ಶುರುವಾಗುವುದರಿಂದ ಬಜೆಟ್ ಅದಕ್ಕೆ ಮುನ್ನವೇ ಸಂಸತ್ತಿನ ಮುಂದೆ ಬರಬೇಕು. ಗೆದ್ದವರು ಯಾರೇ ಆದರೂ ಅವರಿಗೆ ಸಿಗುವುದು ಸ್ವಲ್ಪವೇ ಸಮಯ. ಪ್ರಚಾರದ ಭಾಷಣಗಳನ್ನು ಬದಿಗಿಟ್ಟು ಆ ದಾಖಲೆಯನ್ನು ತೆರೆಯಿರಿ. ಮೊದಲು ಬಡ್ಡಿಗೆ ಹೋಗುವ ಮೊತ್ತ ಮತ್ತು ಶಾಲೆ-ಆಸ್ಪತ್ರೆಗೆ ಹೋಗುವ ಮೊತ್ತವನ್ನು ಅಕ್ಕಪಕ್ಕ ಇಡಿ. ಆಮೇಲೆ ತಾಮ್ರದ ಬೆಲೆ ಎಷ್ಟಿರುತ್ತದೆಂದು ಊಹಿಸಿ ಆದಾಯ ಲೆಕ್ಕ ಹಾಕಿದ್ದಾರೆ ಎಂದು ನೋಡಿ. ಅಂದಿನ ಮಾರುಕಟ್ಟೆ ಬೆಲೆಗಿಂತ ಸಾಕಷ್ಟು ಕೆಳಗೆ ಊಹಿಸಿದ್ದರೆ ಹಣಕಾಸು ಸಚಿವರಿಗೆ 1975 ನೆನಪಿದೆ ಎಂದರ್ಥ. ಕೊನೆಗೆ, ಜೋಳ ಕೊಟ್ಟ ರೈತರ ಬಾಕಿ ತೀರಿಸಲು ಹಣ ತೆಗೆದಿಟ್ಟಿದ್ದಾರೆಯೇ ಎಂದು ಪರೀಕ್ಷಿಸಿ, ಏಕೆಂದರೆ ನವೆಂಬರಿಗೆ ಮತ್ತೆ ಬಿತ್ತನೆ.